ಬಿಲ್ ತಲುಪಿತು, ಸರಕು ತಲುಪಿದ್ದು ಯಾವಾಗ?

ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೊರಟ ಲಾರಿ ಬಂಡೀಪುರದ ಕಾಡು ದಾಟುವ ಮೊದಲೇ ಅದರೊಳಗಿನ ಸರಕಿನ ವಿವರ ಸರ್ಕಾರದ ಕಂಪ್ಯೂಟರ್ ಸೇರಿರುತ್ತದೆ. ಯಾರು ಕಳಿಸಿದರು, ಯಾರಿಗೆ ಕಳಿಸಿದರು, ಬೆಲೆ ಎಷ್ಟು, ವಾಹನದ ಸಂಖ್ಯೆ ಯಾವುದು ಎಂಬುದೆಲ್ಲ ಇ–ವೇ ಬಿಲ್‌ನಲ್ಲಿ ದಾಖಲಾಗುತ್ತದೆ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಈ ವ್ಯವಸ್ಥೆ ಬಂದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದ ರಾಜ್ಯ ನಮ್ಮದು. ಆದರೆ ಆ ಸರಕು ಖರೀದಿದಾರರ ಗೇಟಿನೊಳಗೆ ಹೋದದ್ದು ಯಾವ ದಿನ ಎಂದು ಕೇಳಿ ನೋಡಿ. ಕಳಿಸಿದ ಸಣ್ಣ ಉದ್ಯಮಿಯ ಬಳಿ ಎಷ್ಟೋ ಸಲ ಪುರಾವೆ ಇರುವುದಿಲ್ಲ. ಮೇಲ್ನೋಟಕ್ಕೆ ಇದು ಚಿಕ್ಕ ಕೊರತೆ. ಆದರೆ ಅವರಿಗೆ ಬರಬೇಕಾದ ಹಣದ ಲೆಕ್ಕ ಶುರುವಾಗುವುದೇ ಆ ದಿನಾಂಕದಿಂದ.

ಎರಡು ಕಂಪನಿಗಳ ಕಂಪ್ಯೂಟರ್‌ಗಳು ಆರ್ಡರ್, ಬಿಲ್ ಮುಂತಾದ ದಾಖಲೆಗಳನ್ನು ಒಪ್ಪಿತ ನಮೂನೆಯಲ್ಲಿ ನೇರವಾಗಿ ವಿನಿಮಯ ಮಾಡಿಕೊಳ್ಳುವುದಕ್ಕೆ ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್, ಚುಟುಕಾಗಿ ಇಡಿಐ, ಎನ್ನುತ್ತಾರೆ. ಇದು ಹೊಸದೇನಲ್ಲ. 1948–49ರಲ್ಲಿ ದಿಗ್ಬಂಧನಕ್ಕೆ ಸಿಲುಕಿದ್ದ ಬರ್ಲಿನ್ ನಗರಕ್ಕೆ ವಿಮಾನಗಳಲ್ಲಿ ಸರಕು ಸಾಗಿಸುವಾಗ ಅಮೆರಿಕದ ಸೇನಾಧಿಕಾರಿ ಎಡ್ವರ್ಡ್ ಗಿಲ್ಬರ್ಟ್ ಮತ್ತು ಸಂಗಡಿಗರು ಟೆಲೆಕ್ಸ್‌ನಲ್ಲಿ ಕಳಿಸಬಹುದಾದ ಏಕರೂಪದ ಸರಕು ಪಟ್ಟಿ ರೂಪಿಸಿದ್ದರು. ಇಡಿಐನ ಬೇರು ಅಲ್ಲಿದೆ. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರಲ್ಲಿ ‘ಆರ್ಡರ್ ಕೊಟ್ಟಿದ್ದೇವೆ’, ‘ಸರಕು ಹೊರಟಿದೆ’, ‘ಸರಕು ನಮಗೆ ತಲುಪಿದೆ’, ‘ಇದು ಬಿಲ್’ ಎನ್ನಲು ಬೇರೆ ಬೇರೆ ಸಂದೇಶಗಳಿವೆ. ವ್ಯಾಪಾರವೆಂದರೆ ಈ ನಾಲ್ಕೂ ಸೇರಿದ ಮಾತುಕತೆ.

ನಮ್ಮ ದೇಶ ಇವುಗಳಲ್ಲಿ ಕೊನೆಯದನ್ನು ಚೆನ್ನಾಗಿ ಕಲಿತಿದೆ. 2020ರ ಅಕ್ಟೋಬರ್ 1ರಂದು ₹500 ಕೋಟಿ ಮೀರಿದ ವಹಿವಾಟಿನ ಕಂಪನಿಗಳಿಗೆ ಇ–ಇನ್‌ವಾಯ್ಸ್ ಕಡ್ಡಾಯವಾಯಿತು. ಈ ಮಿತಿ ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ ₹5 ಕೋಟಿಗೆ ಬಂದಿದೆ. ಎಲ್ಲರಿಗೂ ಒಂದೇ ನಮೂನೆ, ಪ್ರತಿ ಬಿಲ್‌ಗೂ 64 ಅಕ್ಷರಗಳ ವಿಶಿಷ್ಟ ಸಂಖ್ಯೆ, ಒಂದು ಕ್ಯೂಆರ್ ಕೋಡ್. ತೆರಿಗೆ ಇಲಾಖೆಗೆ ಬೇಕಿದ್ದದ್ದು ಬಿಲ್. ಹಾಗಾಗಿ ಬಿಲ್ ಮಾತ್ರ ಏಕರೂಪವಾಯಿತು. ಉಳಿದ ಮೂರು ಸಂದೇಶಗಳು ಆಯಾ ದೊಡ್ಡ ಕಂಪನಿಯ ಇಷ್ಟಕ್ಕೇ ಉಳಿದವು.

ಇದರ ಫಲ ಏನೆಂದು ತಿಳಿಯಲು ನಮ್ಮ ಜಿಲ್ಲೆಯ ಒಂದು ಸಣ್ಣ ಘಟಕಕ್ಕೆ ಹೋದರೆ ಸಾಕು. ನಾನು ನೋಡಿದ ಘಟಕವೊಂದಕ್ಕೆ ಮೂವರು ಗ್ರಾಹಕರು. ಮೂವರದ್ದೂ ಬೇರೆ ಬೇರೆ ಪೋರ್ಟಲ್, ಬೇರೆ ಬೇರೆ ಪಾಸ್‌ವರ್ಡ್. ಆರ್ಡರನ್ನು ಪೋರ್ಟಲ್‌ನಿಂದ ಪ್ರಿಂಟ್ ತೆಗೆದು, ಅದನ್ನೇ ಮತ್ತೆ ಟ್ಯಾಲಿಯಲ್ಲಿ ಟೈಪ್ ಮಾಡುತ್ತಾರೆ. ಬಿಲ್ ಸಿದ್ಧವಾದ ಮೇಲೆ ಅದೇ ಅಂಕಿಗಳನ್ನು ಮತ್ತೊಮ್ಮೆ ಪೋರ್ಟಲ್‌ಗೆ ತುಂಬುತ್ತಾರೆ. ಖರೀದಿದಾರರ ಕಡೆ ಎಲ್ಲವೂ ಎಲೆಕ್ಟ್ರಾನಿಕ್. ಆದರೆ ಆ ಎಲೆಕ್ಟ್ರಾನಿಕ್‌ಗೆ ಬೆರಳು ಕೊಡುವವರು ಪೂರೈಕೆದಾರರು. ಸರಕು ಸ್ವೀಕರಿಸಿದ ದಾಖಲೆಯಂತೂ ಖರೀದಿದಾರರ ಕಂಪ್ಯೂಟರ್‌ನಲ್ಲೇ ಹುಟ್ಟಿ ಅಲ್ಲೇ ಉಳಿಯುತ್ತದೆ. ಅವರು ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ದಾಖಲೆಗೆ ಏಕಿಷ್ಟು ಮಹತ್ವ? 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ; ಅಷ್ಟರೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನು ಕೂಡ ಇದಕ್ಕೆ ಬಲ ಕೊಟ್ಟಿದೆ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು.

ಆದರೆ ಈ ದಿನಗಳ ಎಣಿಕೆ ಬಿಲ್‌ನ ದಿನಾಂಕದಿಂದ ಆರಂಭವಾಗುವುದಿಲ್ಲ. ಸರಕು ತಲುಪಿದ ದಿನದಿಂದ ಆರಂಭವಾಗುತ್ತದೆ. ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಎತ್ತಿದರೆ, ಅದನ್ನು ಸರಿಪಡಿಸಿದ ದಿನದಿಂದ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸಂಜೆ ಬಿಲ್ ಮಾಡಿ ಹೊರಟ ಲಾರಿ ಮರುದಿನ ತಲುಪೀತು, ಗೇಟಿನ ಹೊರಗೆ ಸರದಿಯಲ್ಲಿ ನಿಂತರೆ ಇನ್ನೂ ಒಂದು ದಿನ. ‘ನಮ್ಮ ಲೆಕ್ಕದಲ್ಲಿ ಸರಕು ಬಂದದ್ದು ಮುಂದಿನ ವಾರ’ ಎಂದು ಖರೀದಿದಾರರು ಹೇಳಿದರೆ ಸಣ್ಣ ಉದ್ಯಮಿ ಏನು ತೋರಿಸಬೇಕು? ಬಾಕಿ ವಸೂಲಿಗೆ ದೂರು ಕೊಡಲು 2017ರಿಂದ ಸಮಾಧಾನ್ ಪೋರ್ಟಲ್ ಇದೆ, ನಿಜ. ಆದರೆ ದೂರಿಗೆ ಪುರಾವೆ ಬೇಕಲ್ಲ?

ಸರ್ಕಾರದ ವ್ಯವಸ್ಥೆಯಲ್ಲೇ ‘ಒಪ್ಪಿಗೆ’ ಎಂಬ ಬಟನ್ ಈಗ ಎರಡು ಕಡೆ ಇದೆ. ಇ–ವೇ ಬಿಲ್‌ ಅನ್ನು ಖರೀದಿದಾರರು 72 ಗಂಟೆಯೊಳಗೆ ತಿರಸ್ಕರಿಸಬಹುದು, ಸುಮ್ಮನಿದ್ದರೆ ಒಪ್ಪಿದಂತೆ. 2024ರ ಅಕ್ಟೋಬರ್‌ನಲ್ಲಿ ಬಂದ ಜಿಎಸ್‌ಟಿ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಬಿಲ್‌ ಅನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಎರಡೂ ತೆರಿಗೆಯ ಲೆಕ್ಕಕ್ಕಾಗಿ ಇರುವಂಥವು. ‘ಸರಕು ಈ ದಿನ, ಇಷ್ಟು ಪ್ರಮಾಣದಲ್ಲಿ ನಮ್ಮ ಗೇಟಿಗೆ ಬಂತು’ ಎಂದು ಪೂರೈಕೆದಾರರಿಗೆ ತಿಳಿಸುವುದು ಎರಡರ ಉದ್ದೇಶವೂ ಅಲ್ಲ. ರಸ್ತೆ ಹಾಕಿಯಾಗಿದೆ, ಬಸ್ಸು ಮಾತ್ರ ಒಂದೇ ದಿಕ್ಕಿಗೆ ಓಡುತ್ತಿದೆ.

‘ಸಣ್ಣ ಘಟಕಗಳಿಗೆ ಇಷ್ಟೆಲ್ಲ ತಂತ್ರಜ್ಞಾನ ದುಬಾರಿ’ ಎಂಬ ಮಾತಿದೆ. ಅದರಲ್ಲಿ ಸತ್ಯವೂ ಇದೆ. ಪೂರ್ಣ ಪ್ರಮಾಣದ ಇಡಿಐ ತಂತ್ರಾಂಶವನ್ನು ಐದಾರು ಜನ ದುಡಿಯುವ ಘಟಕ ಕೊಳ್ಳಲಾರದು. ಆದರೆ ಯುಪಿಐ ನೋಡಿ. ಹತ್ತು ರೂಪಾಯಿಯ ಚಹಾಕ್ಕೆ ಹಣ ಕೊಟ್ಟ ತಕ್ಷಣ ಕೊಟ್ಟವರ ಮೊಬೈಲ್‌ಗೂ ಪಡೆದವರ ಮೊಬೈಲ್‌ಗೂ ಸಂದೇಶ ಬರುತ್ತದೆ. ಚಹಾ ಅಂಗಡಿಯವರು ಅದಕ್ಕಾಗಿ ಸರ್ವರ್ ಇಟ್ಟುಕೊಂಡಿಲ್ಲ. ಹತ್ತು ರೂಪಾಯಿಗೆ ಸಿಗುವ ‘ತಲುಪಿದೆ’ ಎಂಬ ಭರವಸೆ ಲಕ್ಷಾಂತರ ರೂಪಾಯಿಯ ಸರಕಿಗೆ ಏಕೆ ಸಿಗಬಾರದು? ದೊಡ್ಡ ಕಂಪನಿಯ ಕಂಪ್ಯೂಟರ್‌ನಲ್ಲಿ ಸ್ವೀಕೃತಿ ಹೇಗೂ ದಾಖಲಾಗುತ್ತದೆ. ಆ ಒಂದು ಸಾಲನ್ನು ಇ–ವೇ ಬಿಲ್ ಸಂಖ್ಯೆಯ ಜೊತೆ ಸೇರಿಸಿ ಕಳಿಸಿದವರಿಗೆ ಮುಟ್ಟಿಸಿದರೆ ಸಾಕು. ದೊಡ್ಡ ಖರೀದಿದಾರರಿಗಾದರೂ ಇದನ್ನು ಕಡ್ಡಾಯಗೊಳಿಸಬೇಕು.

1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಾಮರಾಜನಗರಕ್ಕೆ ಇದು ದೂರದ ವಿಷಯವಲ್ಲ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕಾರ್ಖಾನೆಗಳು ಬಂದರೆ ನಮಗೆ ಕೆಲಸ ಸಿಗುತ್ತದೆ ಎಂದು ನನ್ನ ತರಗತಿಯವರೆಲ್ಲ ಕಾಯುತ್ತಿದ್ದೇವೆ. ದೊಡ್ಡ ಕಾರ್ಖಾನೆ ಬಂದರೆ ಅದರ ಸುತ್ತ ಪೆಟ್ಟಿಗೆ ಮಾಡುವ, ಬಿಡಿಭಾಗ ಕೊಡುವ ಸಣ್ಣ ಘಟಕಗಳೂ ಹುಟ್ಟುತ್ತವೆ. ಅವು ಮೂರು ತಿಂಗಳು ಹಣಕ್ಕೆ ಕಾಯುವಂತಾದರೆ ಮೊದಲು ನಿಲ್ಲುವುದು ಕಾರ್ಮಿಕರ ಸಂಬಳ.

ನಮ್ಮ ಕಡೆ ಅರಿಸಿನ ಮಾರಲು ಹೋದ ರೈತರು ತೂಕದ ಚೀಟಿ ಇಲ್ಲದೆ ಮನೆಗೆ ಬರುವುದಿಲ್ಲ. ನಿಯಮ ಬದಲಾಗುವವರೆಗೆ ಸಣ್ಣ ಉದ್ಯಮಿಗಳೂ ಅದನ್ನೇ ಮಾಡಬೇಕು: ಡೆಲಿವರಿ ಚಲನ್ ಮೇಲೆ ದಿನಾಂಕ ಸಹಿತ ಗೇಟ್ ಮೊಹರು ಹಾಕಿಸಿ, ಚಾಲಕರ ಮೊಬೈಲ್‌ನಲ್ಲೇ ಅದರ ಫೋಟೊ ತರಿಸಿಕೊಳ್ಳಬೇಕು, ಬಿಲ್ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಮುದ್ರಿಸಬೇಕು. ಕಂಪ್ಯೂಟರ್ ಸೈನ್ಸ್ ಓದುವ ನಾವು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇಂಟರ್ನೆಟ್‌ನಿಂದ ವಿಷಯ ಹುಡುಕುವ ಬದಲು, ಮೂರು ಪೋರ್ಟಲ್‌ಗಳ ಆರ್ಡರನ್ನು ಒಂದೇ ನಮೂನೆಗೆ ತರುವ ಸಣ್ಣ ತಂತ್ರಾಂಶ ಬರೆದು ಪಕ್ಕದ ಘಟಕಕ್ಕೆ ಕೊಡಬಹುದು. ಅಷ್ಟು ಮಾಡಲು ನಾಲ್ಕು ವರ್ಷದ ಬಿಇ ಸಾಕು.