ಕಪಾಟಿನೊಳಗೆ ಸಿಲಿಂಡರ್ ಬಚ್ಚಿಡಬೇಡಿ

ಹೊಸ ಮನೆ ಕಟ್ಟಿಸುವಾಗ ಅಡುಗೆಮನೆಗೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ. ಗ್ರಾನೈಟಿನ ಬಣ್ಣಕ್ಕೆ, ಕಪಾಟಿನ ಬಾಗಿಲಿಗೆ, ಕಟ್ಟೆ ಕೊರೆದು ಕೂರಿಸುವ ಗಾಜಿನ ಒಲೆಗೆ ಹತ್ತು ಅಂಗಡಿ ಸುತ್ತುತ್ತೇವೆ. ಆ ಒಲೆಗೆ ಗ್ಯಾಸ್ ಮತ್ತು ಕರೆಂಟ್ ಜೋಡಿಸುವ ಹೊತ್ತಿಗೆ ಮಾತ್ರ, ಕಪಾಟು ಮಾಡಿದ ಬಡಗಿಗೇ “ಅದನ್ನೂ ಸಿಕ್ಕಿಸಿಬಿಡಿ” ಎನ್ನುತ್ತೇವೆ. ಇದು ಉಳಿತಾಯವಲ್ಲ, ಮನೆಮಂದಿಯ ಜೀವದೊಂದಿಗೆ ಆಡುವ ಆಟ.

ಹಳೆಯ ಒಲೆ ಕಟ್ಟೆಯ ಮೇಲಿರುತ್ತಿತ್ತು. ಅದರ ಪೈಪ್ ದಿನವೂ ಕಣ್ಣಿಗೆ ಬೀಳುತ್ತಿತ್ತು. ಬಿರುಕು ಬಿಟ್ಟರೆ ಗೊತ್ತಾಗುತ್ತಿತ್ತು. ಈಗಿನ ಒಲೆಯ ಪೈಪ್ ಕಟ್ಟೆಯ ಅಡಿಯಲ್ಲಿ, ಕತ್ತಲಲ್ಲಿ ಇರುತ್ತದೆ. ಅದಕ್ಕೆ ಒಲೆಯ ತಳದ ಬಿಸಿ ತಾಗಿದರೂ, ಇಲಿ ಕಚ್ಚಿದರೂ ನಮಗೆ ಕಾಣುವುದಿಲ್ಲ.

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಸೋರಿದ್ದೆಲ್ಲ ಅಲ್ಲೇ ತುಂಬುತ್ತದೆ. ಇಷ್ಟು ಸಾಲದೆಂಬಂತೆ, ಒಲೆಯ ಕಿಡಿಗುಂಡಿಗೆ ಬೇಕಾದ ಪ್ಲಗ್ಗನ್ನೂ ಅದೇ ಕಪಾಟಿನೊಳಗೆ ಇಟ್ಟಿರುತ್ತಾರೆ. ಗ್ಯಾಸ್ ತುಂಬುವ ಜಾಗದಲ್ಲೇ ಕಿಡಿ ಹಾರುವ ಸಾಧನ!

ರಂಝಾನಿನ ಒಂದು ಬೆಳಗಿನ ಜಾವವನ್ನು ನೆನೆಯಿರಿ. ಸಹ್ರಿಗೆ ಏಳುವ ತಾಯಿ ನಿದ್ದೆಗಣ್ಣಲ್ಲಿ ಅಡುಗೆಮನೆಗೆ ಬರುತ್ತಾಳೆ. ಅವಳು ಮೊದಲು ಮುಟ್ಟುವುದೇ ಲೈಟಿನ ಸ್ವಿಚ್ಚನ್ನು. ರಾತ್ರಿಯಿಡೀ ಗ್ಯಾಸ್ ಸೋರಿದ್ದರೆ ಆ ಒಂದು ಕಿಡಿ ಸಾಕು.

“ಸಿಲಿಂಡರ್ ಹೊರಗೆ ಕಂಡರೆ ಅಂದ ಕೆಡುತ್ತದೆ” ಎನ್ನುವವರಿದ್ದಾರೆ. “ಮಕ್ಕಳ ಕೈಗೆ ಸಿಗಬಾರದು” ಎಂಬ ಮಾತೂ ಇದೆ. ಎರಡಕ್ಕೂ ಉತ್ತರವಿದೆ. ಸಿಲಿಂಡರನ್ನು ಮನೆಯ ಹೊರಗೆ, ಗಾಳಿಯಾಡುವ ಜಾಲರಿ ಗೂಡಿನಲ್ಲಿಟ್ಟು ಬೀಗ ಹಾಕಿ, ತಾಮ್ರದ ಪೈಪಿನಲ್ಲಿ ಗ್ಯಾಸ್ ಒಳತರಬಹುದು. ಈ ಕೆಲಸವನ್ನು ಬಡಗಿಯಲ್ಲ, ನಿಮ್ಮ ಗ್ಯಾಸ್ ಏಜೆನ್ಸಿಯ ಮೂಲಕ ಬರುವ ಮೆಕ್ಯಾನಿಕ್ ಮಾಡಬೇಕು. ಒಳಗೇ ಇಡಬೇಕಾದವರು ಕಪಾಟಿಗೆ ಜಾಲರಿ ಬಾಗಿಲು ಹಾಕಿಸಿ. ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ದಾರಿ ಇರಲೇಬೇಕು.

ಇನ್ನು ಕೆಲವು ವಿಷಯಗಳನ್ನು ನೀವೇ ನಿಂತು ನೋಡಿಕೊಳ್ಳಿ:

• ರಬ್ಬರ್ ಪೈಪಿಗೆ ಐಎಸ್‌ಐ ಗುರುತಿರಲಿ, ಉದ್ದ ಒಂದೂವರೆ ಮೀಟರ್ ಮೀರದಿರಲಿ. ನಡುವೆ ತುಂಡು ಜೋಡಿಸಬೇಡಿ. ಚೆನ್ನಾಗಿ ಕಂಡರೂ 5 ವರ್ಷಕ್ಕೊಮ್ಮೆ ಬದಲಿಸಿ.

• ಜೋಡಣೆ ಮುಗಿದ ಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಎದ್ದರೆ ಸೋರಿಕೆಯಿದೆ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ.

• ಹಾಲು ಉಕ್ಕಿ ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರುವ ಒಲೆಯನ್ನೇ ಕೊಳ್ಳಿ.

• ಪ್ಲಗ್ ಸಿಲಿಂಡರಿನ ಕಪಾಟಿನ ಹೊರಗಿರಲಿ, ಕೈಗೆ ಎಟುಕುವಂತಿರಲಿ. ಅರ್ಥಿಂಗ್ ಇರಲೇಬೇಕು.

• ಇಂಡಕ್ಷನ್ ಒಲೆಯ ಲೆಕ್ಕವೇ ಬೇರೆ. 7 ಕಿಲೋವ್ಯಾಟಿನ ಒಲೆ ಪೂರ್ತಿ ಉರಿದರೆ ಸುಮಾರು 30 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಪ್ಲಗ್ ಅದನ್ನು ತಾಳದು. ಪ್ರತ್ಯೇಕ ವೈರು, ಎಂಸಿಬಿ, ಆರ್‌ಸಿಸಿಬಿ ಹಾಕಿಸಿ.

• ಮನೆಗೆ ಕೊಳವೆ ಗ್ಯಾಸ್ ಬಂದರೆ ಸಿಲಿಂಡರಿನ ಒಲೆಯನ್ನು ಹಾಗೆಯೇ ಜೋಡಿಸಬೇಡಿ. ಜೆಟ್ ಬದಲಿಸಬೇಕು.

ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಕರೆದುಕೊಂಡು ಹೊರಬನ್ನಿ. ಹೊರಗಿನಿಂದಲೇ 1906ಕ್ಕೆ ಫೋನ್ ಮಾಡಿ.

ಮದೀನಾದಲ್ಲಿ ರಾತ್ರಿ ಮನೆಯೊಂದು ಸುಟ್ಟುಹೋದ ಸುದ್ದಿ ತಲುಪಿದಾಗ, ಮಲಗುವ ಮುನ್ನ ಬೆಂಕಿ ಆರಿಸುವಂತೆ ಪ್ರವಾದಿವರ್ಯರು(ಸ) ಆದೇಶಿಸಿದರೆಂದು ಹದೀಸ್‌ಗಳಲ್ಲಿದೆ. ಅಂದಿನ ದೀಪದ ಜಾಗದಲ್ಲಿ ಇಂದು ರೆಗ್ಯುಲೇಟರ್ ಇದೆ. ಇಶಾ ನಮಾಝ್ ಮುಗಿಸಿ ಮಲಗುವ ಮುನ್ನ ಅದನ್ನು ತಿರುಗಿಸಿ ಮುಚ್ಚುವುದು ಸುನ್ನತ್ತಿನ ಆಶಯಕ್ಕೆ ಒಪ್ಪುವ ಕೆಲಸವೇ ಅಲ್ಲವೇ?

ಕೊನೆಯದಾಗಿ ಮನೆಯ ಗಂಡಸರಿಗೆ ಒಂದು ಮಾತು. ಅಡುಗೆಮನೆಗೆ ಹಣ ಕೊಡುವವರು, ಕೆಲಸದವರನ್ನು ಗೊತ್ತುಮಾಡುವವರು ಹೆಚ್ಚಾಗಿ ನೀವು. ಅದರ ಮುಂದೆ ದಿನಕ್ಕೆ ಮೂರು ಹೊತ್ತು ನಿಲ್ಲುವವರು ನಿಮ್ಮ ತಾಯಿ, ಪತ್ನಿ, ಮಗಳು. ಅವರು ನಿಮ್ಮ ಅಮಾನತ್ತು. ಇಂದೇ ಒಂದು ಟಾರ್ಚ್ ಹಿಡಿದು, ಕಟ್ಟೆಯ ಕೆಳಗೆ ಬಗ್ಗಿ ನೋಡಿ.