ಅವ್ವನಿಗೆ ದುಬೈ ಯಾಕೆ ಎಂದವರಿಗೆ

ಹಳ್ಳಿಯ ಹಿರಿಯರನ್ನು ವಿದೇಶಕ್ಕೆ ಕರೆದೊಯ್ಯುವುದು ದುಡ್ಡು ದಂಡ, ಅವರಿಗೆ ಅಲ್ಲಿ ಏನೂ ತಿಳಿಯದು, ರಾಣೆಬೆನ್ನೂರಿನ ಕೃಷ್ಣಮೃಗ, ಹಾವೇರಿಯ ಸಿದ್ಧೇಶ್ವರ ಗುಡಿ ತೋರಿಸಿದರೆ ಸಾಕು ಎಂದಿದೆ ನಾನು ಓದಿದ ಒಂದು ಲೇಖನ. ಈ ಮಾತು ತಪ್ಪು. ಪಶ್ಚಿಮಕ್ಕೆ ಮುಖ ಮಾಡಿದ ಆ ಗುಡಿಯನ್ನು ನಮ್ಮವ್ವ ನೂರು ಸಲ ಸುತ್ತಿದ್ದಾಳೆ.

ದುಬೈಯಲ್ಲಿ 828 ಮೀಟರಿನ ಬುರ್ಜ್ ಖಲೀಫಾವನ್ನು ಅವಳು ಒಮ್ಮೆ ಕತ್ತೆತ್ತಿ ನೋಡಿ ಮುಂದೆ ನಡೆದಳು. ದೇರಾದ ಮಸಾಲೆ ಪೇಟೆಯಿಂದ ಮಾತ್ರ ಕಾಲು ಕೀಳಲಿಲ್ಲ. ಚೀಲದಿಂದ ಒಂದು ಒಣಮೆಣಸಿನಕಾಯಿ ಎತ್ತಿ, ಮುರಿದು, ಬೀಜ ಉದುರಿಸಿ, ಸಿಪ್ಪೆಯನ್ನು ಅಂಗೈಗೆ ತಿಕ್ಕಿದಳು. “ಇದು ನಮ್ ಬ್ಯಾಡಗಿ ಕಾಯಿ ಅಲ್ಲೋ ತಮ್ಮಾ. ಸುಕ್ಕಿಲ್ಲ, ಬಣ್ಣ ಹತ್ತವಲ್ದು.” ಕನ್ನಡ ಬಾರದ ಅಂಗಡಿಯವನು ಆ ಕೈ ನೋಡಿಯೇ ಒಳಗಿನಿಂದ ಬೇರೆ ಚೀಲ ತಂದು ಬಿಚ್ಚಿದ. ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ತಳಿಗಳನ್ನು ಆರಿಸುತ್ತ ನಲವತ್ತು ವರ್ಷ ಸವೆಸಿದ ಕೈ ಅದು. ಅವರಿಗೆ ಏನೂ ತಿಳಿಯದೇ? 2011ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಕಾಯಿ ಸಮುದ್ರ ದಾಟಬಹುದು, ಅದನ್ನು ಆರಿಸಿದವಳು ದಾಟಬಾರದೇ?

ಮಂಡಿನೋವು, ಊಟದ ತೊಂದರೆ ಇದ್ದದ್ದೇ, ಅಷ್ಟನ್ನು ಒಪ್ಪುತ್ತೇನೆ. ಅದಕ್ಕೇ ನಾವು ದಿನಕ್ಕೆ ಒಂದೇ ಜಾಗ ನೋಡಿದೆವು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು.