ಹೊಸ ಡೊಮೈನ್ ಕೊಂಡರೆ ಗೂಗಲ್ ದಂಡ ತಪ್ಪದು

2013ರ ಡಿಸೆಂಬರ್ 25ರಂದು, ಊರೆಲ್ಲ ಕ್ರಿಸ್‌ಮಸ್ ಸಡಗರದಲ್ಲಿದ್ದಾಗ, ಅಮೆರಿಕದ ರ‍್ಯಾಪ್ ಜೀನಿಯಸ್ ಎಂಬ ಜಾಲತಾಣ ಗೂಗಲ್‌ನಿಂದ ಹೆಚ್ಚುಕಡಿಮೆ ಮಾಯವಾಯಿತು. ಹಾಡಿನ ಸಾಹಿತ್ಯ ಹುಡುಕುವವರಿಗೆ ಮೊದಲ ಪುಟದಲ್ಲೇ ಸಿಗುತ್ತಿದ್ದ ತಾಣವದು. ಆ ದಿನ ಅದರ ಹೆಸರನ್ನೇ ಬರೆದು ಹುಡುಕಿದವರಿಗೂ ಮೊದಲ ಪುಟದಲ್ಲಿ ಅದು ಕಾಣಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ‘ನಿಮ್ಮ ಬರಹದ ಕೊನೆಗೆ ಜಸ್ಟಿನ್ ಬೀಬರ್ ಹಾಡುಗಳಿರುವ ನಮ್ಮ ಪುಟಗಳ ಲಿಂಕ್ ಹಾಕಿ, ನಿಮ್ಮ ಬರಹವನ್ನು ನಾವು ಟ್ವಿಟರ್‌ನಲ್ಲಿ ಹಂಚುತ್ತೇವೆ’ ಎಂದು ಅದರ ಮಾಲೀಕರು ಬ್ಲಾಗ್ ಬರೆಯುವವರಿಗೆ ಇಮೇಲ್‌ನಲ್ಲಿ ಆಮಿಷ ಒಡ್ಡಿದ್ದರು. ಆ ಇಮೇಲ್ ಬಯಲಾದ ಎರಡೇ ದಿನದಲ್ಲಿ ಗೂಗಲ್ ದಂಡ ವಿಧಿಸಿತು.

ಮುಂದಿನ ಹತ್ತು ದಿನ ಆ ಹುಡುಗರು ಮಾಡಿದ್ದು ಕಸ ಗುಡಿಸುವ ಕೆಲಸ. ತಮ್ಮ ತಾಣಕ್ಕೆ ಲಿಂಕ್ ಕೊಟ್ಟಿದ್ದ ಲಕ್ಷಕ್ಕೂ ಮೀರಿದ ಪುಟಗಳನ್ನು ಪ್ರೋಗ್ರಾಂ ಬರೆದು ಜಾಲಾಡಿದರು. ತಪ್ಪು ದಾರಿಯಲ್ಲಿ ಗಳಿಸಿದ ಲಿಂಕ್ ತೆಗೆಯಿರೆಂದು ತಾಣಗಳ ಮಾಲೀಕರನ್ನು ಕೇಳಿಕೊಂಡರು. ಆಗದೆ ಉಳಿದವನ್ನು ‘ಇವು ನಮ್ಮ ಲೆಕ್ಕಕ್ಕೆ ಬೇಡ’ ಎಂದು ಗೂಗಲ್‌ಗೆ ಬರೆದುಕೊಟ್ಟರು. 2014ರ ಜನವರಿ 4ರಂದು ತಾಣ ಹುಡುಕಾಟದ ಫಲಿತಾಂಶಗಳಿಗೆ ಮರಳಿತು. ಅದೇ ವರ್ಷದ ಜುಲೈನಲ್ಲಿ ಕಂಪನಿ ‘ರ‍್ಯಾಪ್’ ಪದ ಬಿಟ್ಟು ಬರೀ ಜೀನಿಯಸ್ ಆಯಿತು, ಹೊಸ ಡೊಮೈನ್‌ಗೆ ಸ್ಥಳಾಂತರವಾಯಿತು. ಅಂದರೆ ಶುಚಿ ಮಾಡಿದ್ದು ಮೊದಲು, ಮನೆ ಬದಲಿಸಿದ್ದು ಆಮೇಲೆ.

ಈ ಕ್ರಮವನ್ನು ತಿರುಗಿಸಿ ಮಾರುವವರು ಈಗ ಎಲ್ಲೆಡೆ ಇದ್ದಾರೆ. ವ್ಯಾಪಾರಿಯ ವೆಬ್‌ಸೈಟ್ ದಿಢೀರನೆ ಹುಡುಕಾಟದಲ್ಲಿ ಕೆಳಗೆ ಬಿದ್ದಾಗ ‘ಚಿಂತೆ ಬೇಡ, ಹೊಸ ಡೊಮೈನ್ ತಗೊಳ್ಳೋಣ, ಹಳೆಯದನ್ನು ಅಲ್ಲಿಗೆ ರೀಡೈರೆಕ್ಟ್ ಮಾಡೋಣ’ ಎಂಬ ಸಲಹೆ ಬರುತ್ತದೆ. ಬಹಳ ಸಲ ಈ ಸಲಹೆ ಕೊಡುವವರು ಹಿಂದೆ ಬ್ಯಾಕ್‌ಲಿಂಕ್, ಅಂದರೆ ಬೇರೆ ತಾಣಗಳಿಂದ ಬರುವ ಲಿಂಕ್‌ಗಳ ಪ್ಯಾಕೇಜ್ ಮಾರಿ ತಾಣವನ್ನು ಕೆಡಿಸಿದ ಅದೇ ಎಸ್‌ಇಒ ಏಜೆಂಟರು, ಹುಡುಕಾಟದಲ್ಲಿ ತಾಣವನ್ನು ಮೇಲೇರಿಸಿಕೊಡುತ್ತೇವೆ ಎನ್ನುವವರು. ಇದು ಬರೀ ತಪ್ಪು ಸಲಹೆಯಲ್ಲ. ಗೊತ್ತಿದ್ದೂ ಕೊಟ್ಟರೆ ಮೋಸ.

ಏಕೆ ಎಂಬುದು ರೀಡೈರೆಕ್ಟ್ ನಡೆಯುವ ಬಗೆಯಲ್ಲೇ ಇದೆ. ಯಾರಾದರೂ ಹಳೆಯ ವಿಳಾಸ ತೆರೆದರೆ ಅಲ್ಲಿನ ಸರ್ವರ್ ಪುಟ ಕೊಡುವ ಬದಲು 301 ಎಂಬ ಸಂಖ್ಯೆಯನ್ನೂ ಹೊಸ ವಿಳಾಸವನ್ನೂ ಉತ್ತರವಾಗಿ ಕಳಿಸುತ್ತದೆ. 301 ಎಂದರೆ ಶಾಶ್ವತವಾಗಿ ಸ್ಥಳಾಂತರ. ಬ್ರೌಸರ್ ಕಣ್ಣು ಮಿಟುಕಿಸುವುದರೊಳಗೆ ಹೊಸ ಜಾಗಕ್ಕೆ ಹಾರುತ್ತದೆ. ಗೂಗಲ್‌ನ ಬಾಟ್ ಕೂಡ ಅದನ್ನೇ ಓದಿ, ಹಳೆಯ ತಾಣ ಇಷ್ಟು ದಿನ ಗಳಿಸಿದ ಲಿಂಕ್‌ಗಳ ಲೆಕ್ಕವನ್ನು ಹೊಸದರ ಖಾತೆಗೆ ಸೇರಿಸುತ್ತದೆ. ಲೆಕ್ಕದಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಅಂಚೆ ಕಚೇರಿಗೆ ವಿಳಾಸ ಬದಲಾವಣೆಯ ಅರ್ಜಿ ಕೊಟ್ಟ ಮೇಲೆ ಮದುವೆಯ ಕರೆಯೋಲೆಯ ಜೊತೆಗೆ ಬ್ಯಾಂಕಿನ ನೋಟಿಸೂ ಹೊಸ ಮನೆಗೇ ಬರುತ್ತದಲ್ಲ, ಹಾಗೆ. ರೀಡೈರೆಕ್ಟ್ ಮಾಡದೆ ಪುಟಗಳನ್ನು ಹಾಗೆಯೇ ನಕಲು ಮಾಡಿ ಹೊಸ ಹೆಸರಿನಲ್ಲಿ ಇಟ್ಟರೂ ನೆಮ್ಮದಿಯಿಲ್ಲ. ಇದು ಅದೇ ತಾಣ ಎಂದು ಗುರುತಿಸಿ ಹಳೆಯ ಸಂಕೇತಗಳನ್ನು ದಾಟಿಸುವ ಸಾಧ್ಯತೆಯಿದೆ ಎಂದು ಗೂಗಲ್‌ನ ಜಾನ್ ಮುಲ್ಲರ್ ಹೇಳಿದ್ದಾರೆ.

ಹೊಸ ಡೊಮೈನ್ ಮೊದಲ ಕೆಲವು ವಾರ ಮೇಲೇರಿದಂತೆ ಕಾಣುವುದೂ ಉಂಟು. ಏಜೆಂಟನ ಬಿಲ್ ಪಾವತಿಯಾಗುವುದು ಆಗಲೇ.

ದಂಡದಲ್ಲಿ ಎರಡು ಬಗೆಯಿರುವುದನ್ನು ಇಲ್ಲಿ ಹೇಳಲೇಬೇಕು. ಒಂದು, ಗೂಗಲ್ ಸಿಬ್ಬಂದಿ ಕಣ್ಣಾರೆ ನೋಡಿ ವಿಧಿಸುವ ಮ್ಯಾನ್ಯುಯಲ್ ಆಕ್ಷನ್. ಇದಾದರೆ ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಖಾತೆಯಲ್ಲಿ ನೋಟಿಸ್ ಬರುತ್ತದೆ, ಯಾವ ತಪ್ಪಿಗೆ ಎಂದೂ ಇರುತ್ತದೆ. ತಪ್ಪು ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. 2012ರ ಅಕ್ಟೋಬರ್‌ನಿಂದ ಡಿಸ್‌ಅವೋ ಎಂಬ ಸೌಲಭ್ಯವೂ ಇದೆ. ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ, ಸಾಲಿಗೊಂದರಂತೆ, ಬೇಡವಾದ ತಾಣಗಳ ಹೆಸರು ಬರೆದು ಏರಿಸಿದರಾಯಿತು. ಒಂದು ಲಕ್ಷ ಸಾಲಿನವರೆಗೆ ಅವಕಾಶವಿದೆ. ಈ ಬಗೆಯ ದಂಡಕ್ಕೆ ಹೆದರಿ ಹೆಸರು ಬದಲಿಸುವವರು ತೆರೆದ ಬಾಗಿಲನ್ನು ಬಿಟ್ಟು ಗೋಡೆ ಹಾರಲು ಹೊರಟಂತೆ. 2011ರ ಫೆಬ್ರುವರಿಯಲ್ಲಿ ಹಣ ಕೊಟ್ಟು ಲಿಂಕ್ ಹಾಕಿಸಿದ ಪ್ರಕರಣದಲ್ಲಿ ಸಿಕ್ಕಿಬಿದ್ದ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆ ತನ್ನ ಸರ್ಚ್ ಸಲಹೆಗಾರ ಸಂಸ್ಥೆಯನ್ನು ಕೈಬಿಟ್ಟಿತು, ಲಿಂಕ್ ತೆಗೆಸಿತು, ಸುಮಾರು ಮೂರು ತಿಂಗಳ ನಂತರ ಅದೇ ಹೆಸರಿನಲ್ಲಿ ಮೇಲೆ ಬಂತು. ಗೂಗಲ್ ತನ್ನದೇ ಕ್ರೋಮ್ ಬ್ರೌಸರಿನ ಪುಟಕ್ಕೂ 2012ರ ಜನವರಿಯಲ್ಲಿ 60 ದಿನಗಳ ದಂಡ ಹಾಕಿತ್ತು. ಹಣ ಪಡೆದು ಬರೆದ ಬ್ಲಾಗ್ ಬರಹದಿಂದ ಅದಕ್ಕೆ ಲಿಂಕ್ ಹೋಗಿತ್ತು.

ಎರಡನೆಯದು ಅಲ್ಗಾರಿದಮ್‌ನ ಹೊಡೆತ. 2011ರ ಪಾಂಡಾ, 2012ರ ಏಪ್ರಿಲ್‌ನ ಪೆಂಗ್ವಿನ್, ಆಮೇಲಿನ ಎಷ್ಟೋ ಪರಿಷ್ಕರಣೆಗಳು ಈ ಸಾಲಿನವು. ಇಲ್ಲಿ ನೋಟಿಸ್ ಇಲ್ಲ, ಅರ್ಜಿ ಹಾಕುವ ಜಾಗವೂ ಇಲ್ಲ. ನಿನ್ನೆ ಬರುತ್ತಿದ್ದ ಗಿರಾಕಿ ಇಂದು ಬರುವುದಿಲ್ಲ, ಅಷ್ಟೆ. ಜನ ಡೊಮೈನ್ ಬದಲಿಸುವ ಮಾತಿಗೆ ಮರುಳಾಗುವುದು ಹೆಚ್ಚಾಗಿ ಇಂಥ ಕತ್ತಲಲ್ಲೇ. ಆ ತಪ್ಪಿನ ಒಂದು ಪಾಲು ಗೂಗಲ್‌ನದೂ ಹೌದು.

ಬ್ರಿಟನ್ನಿನ ಫೌಂಡೆಮ್ ಕತೆ ನೋಡಿ. ದಂಪತಿ ಕಟ್ಟಿದ ಬೆಲೆ ಹೋಲಿಕೆಯ ಆ ತಾಣ 2006ರಲ್ಲಿ ಆರಂಭವಾದ ಕೆಲವೇ ದಿನಗಳಲ್ಲಿ ಗೂಗಲ್‌ನಲ್ಲಿ ತಳಕ್ಕಿಳಿಯಿತು. ಮೇಲೇಳಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವರ ದೂರಿನಿಂದ ಹುಟ್ಟಿದ ಪ್ರಕರಣದಲ್ಲಿ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ವಿಧಿಸಿತು. ಹುಡುಕಾಟದಲ್ಲಿ ತನ್ನದೇ ಶಾಪಿಂಗ್ ಸೇವೆಗೆ ಮಣೆ ಹಾಕಿದ್ದು ಆರೋಪ. ಯುರೋಪಿನ ಅತ್ಯುನ್ನತ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಸ್ಪರ್ಧಾ ಆಯೋಗವೂ 2018ರಲ್ಲಿ ಹುಡುಕಾಟದ ಪಕ್ಷಪಾತಕ್ಕಾಗಿ ಇದೇ ಕಂಪನಿಗೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ರ‍್ಯಾಪ್ ಜೀನಿಯಸ್ 10 ದಿನಗಳಲ್ಲಿ, 2013ರಲ್ಲಿ ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ 11 ದಿನಗಳಲ್ಲಿ ಮರಳಿದ್ದನ್ನೂ ಫೌಂಡೆಮ್ ಕಾದ ವರ್ಷಗಳನ್ನೂ ಎದುರುಬದುರು ಇಟ್ಟರೆ ಕಸಿವಿಸಿಯಾಗುತ್ತದೆ. ಜೀವನೋಪಾಯ ಕಸಿಯಬಲ್ಲ ತೀರ್ಪಿಗೆ ಕಾರಣ ಹೇಳುವ ಹೊಣೆ, ತೀರ್ಪು ಕೊಟ್ಟದ್ದು ಮನುಷ್ಯನಾದರೂ ಅಲ್ಗಾರಿದಮ್ ಆದರೂ, ಕಂಪನಿಯ ಮೇಲಿರಬೇಕು.

ಹಾಗೆಂದು ಹೊಸ ಡೊಮೈನ್ ಯಾವತ್ತೂ ಕೂಡದು ಎಂದಲ್ಲ. ಕೆಟ್ಟ ಲಿಂಕ್‌ಗಳು ಬಿಡಿಸಲಾರದಷ್ಟು ಸುತ್ತಿಕೊಂಡಿದ್ದರೆ ಪೂರ್ತಿ ಹೊಸದಾಗಿ ಶುರು ಮಾಡುವುದೇ ವಾಸಿ. ಆದರೆ ಆಗ ರೀಡೈರೆಕ್ಟ್ ಇರಬಾರದು, ಹಳೆಯ ಬರಹದ ನಕಲೂ ಇರಬಾರದು. ಹಳೆಯ ಗಿರಾಕಿಗಳಿಗೆ ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ತಿಳಿಸಬೇಕಾಗುತ್ತದೆ. ಕಷ್ಟದ ದಾರಿ, ಆದರೆ ನೇರ ದಾರಿ. ಯಾರೋ ಬಿಟ್ಟುಹೋದ ಹಳೆಯ ಹೆಸರನ್ನು ಅದರ ಪ್ರತಿಷ್ಠೆಗಾಗಿಯೇ ಕೊಳ್ಳುವ ಒಳದಾರಿಯಂತೂ ಈಗ ಮುಚ್ಚಿದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ಡೊಮೈನ್‌ನಲ್ಲಿ ಜೂಜಿನ ಪುಟ ಹಾಕುವುದು ಅದು ಕೊಟ್ಟ ಉದಾಹರಣೆಗಳಲ್ಲೊಂದು.

ಹೋಮ್‌ಸ್ಟೇಯವರು, ಸೀರೆ ಅಂಗಡಿಯವರು, ಸಣ್ಣ ಪತ್ರಿಕೆಯವರು ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಸರ್ಚ್ ಕನ್ಸೋಲ್ ಖಾತೆ ಯಾರ ಇಮೇಲ್‌ನಲ್ಲಿದೆ ಎಂದು ಏಜೆಂಟರನ್ನು ಕೇಳಬೇಕು. ಎರಡೂ ಮಾಲೀಕರ ಹೆಸರಿನಲ್ಲಿರಬೇಕು. ಗೂಗಲ್ ನೋಟಿಸ್ ಕಳಿಸುವುದು ಆ ಖಾತೆಗೆ. ಅದನ್ನು ತೆರೆದು ‘ಮ್ಯಾನ್ಯುಯಲ್ ಆಕ್ಷನ್ಸ್’ ಎಂಬ ಪುಟ ನೋಡುವವರೆಗೂ ಹೊಸ ಹೆಸರಿಗೆ ಒಂದು ರೂಪಾಯಿಯನ್ನೂ ಕೊಡಬಾರದು.